ತೊಂಬತ್ತನೇ ದಿನ ಶುಕ್ರವಾರ

ಪಿನ್ನರ್, ಲಂಡನ್
15 ಮಾರ್ಚ್ 2025

ಗಡಿ ದಾಟುವ ರೈಲು ಪ್ರಯಾಣಿಕರ ಮಹಾಸಭೆಯ ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಪ್ಲಾಟ್‌ಫಾರಮ್ಮನ್ನು ಅಲಂಕರಿಸಿರುವ ಇತರ ಗಣ್ಯರೇ, ಟಿಕೆಟ್ಟಿದ್ದೂ ಸರದಿಯಲ್ಲೇ ನಿಂತಿರುವ ನನ್ನ ನಲ್ಮೆಯ ಬಾಂಧವರೇ,

ಈ ಮೂರು ತಿಂಗಳ ವರದಿಯನ್ನು ತಮ್ಮ ಮುಂದಿಡಲು ನನಗೆ ಅತೀವ ಹರ್ಷವಾಗುತ್ತಿದೆ. ಸಭೆಯಲ್ಲಿ ಹಾಜರಿರುವುದು ನೀನೊಬ್ಬಳೇ ಎಂಬುದು ನನಗೆ ಗೊತ್ತು, ಅಕ್ಕ. ಹಾಗೆಂದು ಸಭಾಮರ್ಯಾದೆ ಬಿಡಲಾಗದು.

ಮೊದಲು ಸಾಮಾನ್ಯ ಪ್ರವೃತ್ತಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲ್ಗಾಲುವೆಯ ತಳದ ಸುರಂಗದಲ್ಲಿ ರೈಲು ಹತ್ತಿ ಹೋಗಿಬರುವವರು ವರ್ಷಕ್ಕೆ ಒಂದು ಕೋಟಿ ದಾಟಿದ್ದಾರೆ. ಕೋವಿಡ್ಡಿಗೆ ಮುಂಚಿನ ಮಟ್ಟವನ್ನು ಮುಟ್ಟಿಯೇಬಿಟ್ಟಿದ್ದಾರೆ. ಆದರೆ ಅವರೇ ಇವರಲ್ಲ. ಬೆಳಿಗ್ಗೆ ಹೋಗಿ ಸಂಜೆ ಮರಳುತ್ತಿದ್ದ ಕಂಪನಿ ಮಂದಿ ಈಗ ಮನೆಯಲ್ಲೇ ಕೂತು, ಮೇಲೆ ಟೈ ಕೆಳಗೆ ಪೈಜಾಮ ಹಾಕಿಕೊಂಡು ಮೀಟಿಂಗು ಮುಗಿಸುತ್ತಾರೆ. ಅವರ ಸೀಟಿನಲ್ಲಿ ಈಗ ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯರಿದ್ದಾರೆ, ವಿಮಾನ ಹತ್ತಿದರೆ ಭೂಮಿ ಬಿಸಿಯಾಗುತ್ತದೆಂದು ಶಪಥ ಮಾಡಿರುವ ಕಾಲೇಜು ಹುಡುಗಿಯರಿದ್ದಾರೆ. ರೈಲು ಪ್ರಯಾಣಿಕರ ಲೆಕ್ಕ ಇಡುವ ನಮ್ಮ ಕಛೇರಿ ಇದನ್ನು ಹನ್ನೊಂದು ಪುಟಗಳಲ್ಲಿ ಹೇಳಿದೆ. ನಾನು ಎರಡು ಸಾಲಿನಲ್ಲಿ ಹೇಳುತ್ತೇನೆ:

ಸೂಟಿನವರು ಇಳಿದರು,
ಸೂಟ್‌ಕೇಸಿನವರು ಬೆಳೆದರು.

ಇನ್ನು ವಿಶೇಷ ಅಧ್ಯಯನ. ಆರಿಸಿಕೊಂಡ ಪ್ರಯಾಣಿಕರು ಒಬ್ಬರೇ, ಹೆಣ್ಣು, ವಯಸ್ಸು ಎಪ್ಪತ್ತೈದು. ಹೊಸ ಸದಸ್ಯರ ಅವಗಾಹನೆಗಾಗಿ ಹಿನ್ನೆಲೆ ಹೇಳಬೇಕೆಂದರೆ, ಸದರಿ ಪ್ರಯಾಣಿಕರಿಗೆ ಇಬ್ಬರು ಮಕ್ಕಳು. ಮಗಳು ಬ್ರಸೆಲ್ಸಿನಲ್ಲಿ, ಮಗ ಲಂಡನ್ನಿನಲ್ಲಿ. ಆ ಕಡೆ ವೀಸಾ ಪ್ರಕಾರ ತೊಂಬತ್ತು ದಿನ ಮೀರುವಂತಿಲ್ಲ, ಈ ಕಡೆ ಆರು ತಿಂಗಳು ಮೀರುವಂತಿಲ್ಲ. ಹೀಗಾಗಿ ಅಮ್ಮ ಮೂರು ತಿಂಗಳಿಗೊಮ್ಮೆ ಸಮುದ್ರದ ಕೆಳಗೆ ಹಾದುಹೋಗುತ್ತಾಳೆ. ಮಕ್ಕಳಿಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದಾರೆ. ಒಬ್ಬರು ಈ ತುದಿಯ ಗೇಟಿನಲ್ಲಿ ಅಮ್ಮನನ್ನು ಗಾಲಿಕುರ್ಚಿಯವರಿಗೆ ಒಪ್ಪಿಸುತ್ತಾರೆ, ಇನ್ನೊಬ್ಬರು ಆ ತುದಿಯ ಗೇಟಿನಲ್ಲಿ ಬಿಡಿಸಿಕೊಳ್ಳುತ್ತಾರೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಎರಡೇ ಬಗೆಯ ಸಂದೇಶ: ‘ಹತ್ತಿದ್ದಾಳೆ’, ‘ಇಳಿದಿದ್ದಾಳೆ’. "ಮಾತು ಬಿಟ್ಟಿದ್ದೀರಿ, ಸರಿ. ಬರೆಯೋದಾದ್ರೂ ಬರೀರಿ, ನಾನು ತಗೊಂಡು ಹೋಗ್ತೀನಿ" ಎಂದು ಪ್ರಯಾಣಿಕರೇ ಅಪ್ಪಣೆ ಕೊಡಿಸಿದ್ದರಿಂದ ಈ ವರದಿ ಅವರ ಕೈಚೀಲದಲ್ಲಿ, ಬಿ.ಪಿ. ಮಾತ್ರೆಯ ಪಕ್ಕದಲ್ಲಿ ಬರುತ್ತಿದೆ.

ಮಾತ್ರೆ ಬೆಳಿಗ್ಗೆ ಒಂದು. ಚಟ್ನಿಪುಡಿ ಇಟ್ಟಿದ್ದೇನೆ. ತುಪ್ಪ ಇಟ್ಟಿಲ್ಲ, ತುಪ್ಪ ಗಡಿ ದಾಟುವಂತಿಲ್ಲವೆಂದು ಕಾನೂನಿದೆ. ಅಮ್ಮ ಒಪ್ಪಿಲ್ಲ. ಚೀಲ ಹುಡುಕಿ ನೋಡು.

ಕೊನೆಯದಾಗಿ, ಹಿಂದಿನ ಪತ್ರದಲ್ಲಿ ನೀನು ಎತ್ತಿದ ವಿಷಯ. 2021ರ ಜನವರಿ ಎರಡನೇ ವಾರದಲ್ಲಿ ಬ್ರಸೆಲ್ಸಿನಿಂದ ಲಂಡನ್ನಿಗೆ ರೈಲು: ಶೂನ್ಯ. ಅಂಕಿಅಂಶದ ಮುಂದೆ ಅಕ್ಕತಮ್ಮಂದಿರು ಮಾಡುವುದು ಏನೂ ಇಲ್ಲ.

ಇತಿ, ತಮ್ಮ ವಿಧೇಯ,
ಶೇಷಾದ್ರಿ
ಕಾರ್ಯದರ್ಶಿ, ಖಜಾಂಚಿ ಮತ್ತು ತಮ್ಮ

*

ಬ್ರಸೆಲ್ಸ್
11 ಜೂನ್ 2025

ಶೇಷೂ,

ನಿನ್ನ ವರದಿಯನ್ನು ಮಹಾಸಭೆಯ ಏಕೈಕ ಸದಸ್ಯೆ ಒಲೆಯ ಮುಂದೆ ನಿಂತೇ ಓದಿದಳು. ಚಪ್ಪಾಳೆ ಬೀಳಲಿಲ್ಲ, ಕೈಯಲ್ಲಿ ಸೌಟಿತ್ತು.

ತುಪ್ಪ ಸಿಕ್ಕಿತು. ಉಲ್ಲನ್ ಕಾಲುಚೀಲದೊಳಗೆ ಕಾಲುಚೀಲ, ಅದರೊಳಗೆ ಶೀಶೆ. "ಯಾಕಮ್ಮ ಹೀಗೆಲ್ಲ?" ಅಂದರೆ, "ಪಾಪ, ಅವರು ತುಪ್ಪ ಅಂತ ಕೇಳ್ಲೇ ಇಲ್ವೇ. ಕೇಳಿದ್ರೆ ನಾನೇನು ಸುಳ್ಳು ಹೇಳ್ತಿದ್ನಾ?" ಅಂದಳು. ನಮ್ಮಮ್ಮ ಕೇಳದೆ ಏನನ್ನೂ ಹೇಳುವುದಿಲ್ಲ. ಆ ಗುಣ ನಿನಗೂ ಬಂದಿದೆ.

ನೀನು ಬರೆದ ಪ್ರವೃತ್ತಿಗಳಿಗೆ ನನ್ನದೊಂದು ತಿದ್ದುಪಡಿ. ಇಲ್ಲಿಂದ ಬರ್ಲಿನ್ನಿಗೆ ಮಲಗಿಕೊಂಡು ಹೋಗುವ ರೈಲು ಮತ್ತೆ ಶುರುವಾಗಿದೆಯಲ್ಲ, ನನ್ನ ಲ್ಯಾಬಿನ ಹುಡುಗಿಯರೆಲ್ಲ ಅದರಲ್ಲೇ ಹೋಗುವುದು. ಕಾರಣ ಭೂಮಿಯ ಬಿಸಿ ಅಂತ ನೀನು ಬರೆದಿದ್ದೀಯ. ನಾನು ಕೇಳಿದಾಗ ಒಬ್ಬಳು, "ವಿಮಾನದಲ್ಲಿ ಹೋದರೆ ಹೋದ ಹಾಗೇ ಅನ್ನಿಸುವುದಿಲ್ಲ" ಅಂದಳು. ನಿನ್ನ ಕಛೇರಿಯ ಫಾರಮ್ಮಿನಲ್ಲಿ ಇದಕ್ಕೆ ಒಂದು ಚೌಕ ಇದೆಯೇನು?

ಈಗ ಶೂನ್ಯದ ವಿಷಯ. ಆ ವಾರ ನಾನು ಯಾವ ವೇಳಾಪಟ್ಟಿಯನ್ನೂ ನೋಡಲಿಲ್ಲ. ತಮ್ಮ ರೈಲಿನ ಲೆಕ್ಕ ಇಡುವವನು. ಅವನು ಇಲ್ಲ ಅಂದಮೇಲೆ ನಾನೇಕೆ ನೋಡಲಿ? ನನ್ನ ಜಗಳ ರೈಲಿನ ಮೇಲಲ್ಲ, ನಿನ್ನ ಮೇಲೆ. ಅಪ್ಪ ಹೋದಮೇಲೆ ಒಂದು ವಾರ ತಡಿಯೋ, ರೈಲು ಬಿಟ್ಟಕೂಡಲೇ ಬರ್ತೀನಿ ಅಂದೆ. ಯಾವಾಗ ಬಿಡ್ತಾರೋ ಗೊತ್ತಿಲ್ಲ, ಕಾಯೋದರಲ್ಲಿ ಅರ್ಥವಿಲ್ಲ ಅಂದೆ ನೀನು. ಅಪ್ಪನನ್ನು ನಾನು ಲ್ಯಾಪ್‌ಟಾಪಿನಲ್ಲಿ ಕಳಿಸಿಕೊಟ್ಟೆ. ನಡುವೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಪರದೆಯಲ್ಲಿ ಬರೀ ಚಿತಾಗಾರದ ಮುಚ್ಚಿದ ಮರದ ಬಾಗಿಲಿತ್ತು. ನಿನ್ನ ಭಾವ ಶ್ರೀರಂಗ ಪಕ್ಕದಲ್ಲಿ ಕೂತು ಮೌಸು ಅಲ್ಲಾಡಿಸುತ್ತಿದ್ದರು, ಪಾಪ, ಅದರಿಂದ ಏನೋ ಆಗುತ್ತದೆ ಅನ್ನುವ ಹಾಗೆ.

ಹಾಸಿಗೆ ಹಿಡಿದಿದ್ದ ಆ ಕೊನೆಯ ಆರು ದಿನ ಅಪ್ಪ ನನ್ನನ್ನು ಕೇಳಲಿಲ್ಲವಾ? ಅಮ್ಮನಿಗೆ ಗೊತ್ತಿಲ್ಲ, ಅವಳಿಗೆ ಆಗ ಕೋವಿಡ್ಡು, ಮಹಡಿ ಮೇಲೆ ಬಾಗಿಲು ಹಾಕಿಕೊಂಡಿದ್ದಳು. ನಿನ್ನ ಹೆಂಡತಿ ಗಾರ್ಗಿ ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವೆ. ಅಪ್ಪನ ಹತ್ತಿರ ಇದ್ದವನು ನೀನೊಬ್ಬನೇ. ಪ್ರಜ್ಞೆ ಇರಲಿಲ್ಲ ಅಂದಿದ್ದೆ. ಒಂದು ಗಳಿಗೆಯೂ ಇರಲಿಲ್ಲವಾ?

ಅಮ್ಮನಿಗೆ ಎಡಮೊಣಕಾಲು ನೋವು ಜಾಸ್ತಿ. ಲಿಫ್ಟ್ ಇಲ್ಲದ ಕಡೆ ಕರೆದುಕೊಂಡು ಹೋಗಬೇಡ.

ಶ್ರೀಲತಾ

*

ಪಿನ್ನರ್
13 ಸೆಪ್ಟೆಂಬರ್ 2025

ಮಾನ್ಯ ಏಕೈಕ ಸದಸ್ಯೆಯವರೇ,

ತಮ್ಮ ತಿದ್ದುಪಡಿಯನ್ನು ಕಛೇರಿ ಗಂಭೀರವಾಗಿ ಪರಿಗಣಿಸಿತು. ‘ಹೋದ ಹಾಗೆ ಅನ್ನಿಸಬೇಕು’ ಎಂಬ ಚೌಕ ನಮ್ಮ ಫಾರಮ್ಮಿನಲ್ಲಿ ಇಲ್ಲ. ‘ಇತರೆ’ ಎಂಬ ಚೌಕವಿದೆ. ಮನುಷ್ಯರು ಮಾಡುವ ಮುಖ್ಯವಾದ ಕೆಲಸಗಳೆಲ್ಲ ಅದರಲ್ಲೇ ಬೀಳುತ್ತವೆ.

ಪ್ರವೃತ್ತಿ ಮೇಲ್ಮುಖವಾಗಿದೆ. ಜಿನೀವಾಕ್ಕೂ ಫ್ರಾಂಕ್‌ಫರ್ಟಿಗೂ ಮುಂದೊಂದು ದಿನ ಇಲ್ಲಿಂದ ನೇರ ರೈಲು ಬಿಡುತ್ತೇವೆ ಎಂದಿದ್ದಾರೆ. ಅದೇ ಹಳಿಯ ಮೇಲೆ ತಮ್ಮದೂ ಓಡಲಿ ಎಂದು ಬೇರೆ ಕಂಪನಿಗಳು ತುದಿಗಾಲಲ್ಲಿ ನಿಂತಿವೆ. ಹಳಿ ಇದೆ, ಜನ ಇದ್ದಾರೆ, ರೈಲು ನಿಲ್ಲಿಸಲು ಶೆಡ್ಡಿಲ್ಲ. ಪಾಸ್‌ಪೋರ್ಟು ನೋಡುವ ಜಾಗದಲ್ಲಿ ಕಾಲಿಡಲು ಎಡೆಯಿಲ್ಲ.

ಓಡುವುದಕ್ಕೆ ಎರಡು ಗಂಟೆ,
ಒಳಹೊಗಲಿಕ್ಕೆ ಅದರದೇ ತಂಟೆ.

ನಮ್ಮ ಆಫೀಸಿನ ಆಲನ್ ಗೊತ್ತಲ್ಲ, ಉಡುಪಿ ಕಡೆಯವನು, ಈಸ್ಟ್ ಹ್ಯಾಮಿನಲ್ಲಿ ಮನೆ. ಊಟದ ಹೊತ್ತಿನಲ್ಲಿ ನನ್ನ ಡಬ್ಬಿಗೆ ಕೈಹಾಕುತ್ತಾ, "ಎಂತ ಮಾರಾಯ್ರೆ, ವರ್ಷಕ್ಕೆ ಕೋಟಿ ಜನರನ್ನು ದಾಟಿಸುವವರು ನೀವು. ನೀವೇ ಒಂದು ಸಲ ಆಚೆ ಹೋದದ್ದು ನಾನು ನೋಡ್ಲಿಲ್ಲ" ಅಂದ. ಲೆಕ್ಕ ಬರೆಯುವವನು ಸಾಲಿನಲ್ಲಿ ನಿಂತರೆ ಲೆಕ್ಕ ತಪ್ಪುತ್ತದೆ ಅಂದೆ. "ಅದು ಹೌದು" ಅಂದು ನನ್ನ ಹುಳಿಯನ್ನ ಮುಗಿಸಿದ.

ಅಮ್ಮ ಕ್ಷೇಮ. ಮೊನ್ನೆ ವೆಂಬ್ಲಿಗೆ, ಈಲಿಂಗ್ ರಸ್ತೆಗೆ, ಕರೆದುಕೊಂಡು ಹೋಗಿದ್ದೆ. ಬದನೆಕಾಯಿ ಆರಿಸುತ್ತಾ ಇದ್ದವಳು ಒಂದು ಕಾಯಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ನಾನೇನು ಪಾರ್ಸಲ್ಲೇನೋ, ಶೇಷು?"

"ಯಾಕಮ್ಮ?"

"ಮತ್ತೆ? ನೀನು ಇಲ್ಲಿ ಕೊಡ್ತೀಯ, ಅವಳು ಅಲ್ಲಿ ತಗೋತಾಳೆ. ರಸೀದಿ ಒಂದು ಹಾಕ್ಸಿಲ್ಲ ನೋಡು ನನ್ನ ಬೆನ್ನಿಗೆ."

"ಕುರ್ಚಿಯವರು ಚೆನ್ನಾಗಿ ನೋಡ್ಕೋತಾರಲ್ಲಮ್ಮ."

"ಅವರು ಬಂಗಾರದಂಥ ಜನ. ನಿಮ್ಮಿಬ್ಬರ ವಿಷಯ ಹೇಳ್ತಿರೋದು. ಒಂದೇ ಒಂದು ದಿನ ಇಬ್ರೂ ಒಂದೇ ಅಡುಗೆಮನೇಲಿ ಕೂತು ನಾನು ಕೊಟ್ಟಿದ್ದು ತಿನ್ನಿ. ಆಮೇಲೆ ಬೇಕಾದ್ರೆ ಬಾಗಿಲು ಹಾಕ್ಕೊಂಡು ಜಗಳ ಆಡಿ. ಇನ್ನೇನೂ ಬೇಡ ನಂಗೆ. ಈ ಕಾಯಲ್ಲಿ ಹುಳ ಇದೆ, ಬೇರೆ ಕೊಡೋಕೆ ಹೇಳು."

ಇದನ್ನು ಇದ್ದಂತೆಯೇ ವರದಿ ಮಾಡಿದ್ದೇನೆ.

ಪ್ರಯಾಣದ ವಿವರ: ಅಮ್ಮ ನಾಳೆ, ಭಾನುವಾರ, ನಿನ್ನಲ್ಲಿ ಇಳಿಯುತ್ತಾಳೆ. ಇಳಿದ ದಿನವೂ ಸೇರಿ ತೊಂಬತ್ತು ದಿನ ಎಂದರೆ ಡಿಸೆಂಬರ್ ಹನ್ನೆರಡು. ಆ ದಿನದ ಟಿಕೆಟ್ಟನ್ನು ಈಗಲೇ ಮಾಡಿಸಿಟ್ಟಿದ್ದೇನೆ. ಒಂದು ದಿನ ಆಚೀಚೆ ಆಗಬಾರದು.

ನಿನ್ನ ಕೊನೆಯ ಪ್ರಶ್ನೆಗೆ: ಈ ಹಿಂದೆಯೇ ತಿಳಿಸಿದಂತೆ, ಪ್ರಜ್ಞೆ ಇರಲಿಲ್ಲ. ಈ ಹಿಂದೆಯೇ ತಿಳಿಸಿದಂತೆ, ರೈಲೂ ಇರಲಿಲ್ಲ.

ಇತಿ,
ಶೇಷಾದ್ರಿ

*

ಬ್ರಸೆಲ್ಸ್
12 ಡಿಸೆಂಬರ್ 2025, ಶುಕ್ರವಾರ

ಶೇಷೂ,

ಅಮ್ಮ ಇವತ್ತು ಹೊರಡಲಿಲ್ಲ, ಗುಂಪಿನಲ್ಲಿ ‘ನಾಳೆ’ ಅಂತ ಹಾಕಿದ್ದೇನೆ. ಈ ಪತ್ರವನ್ನೂ ಅವಳೇ ತರುತ್ತಾಳೆ. ಅವಳನ್ನು ಬೈಯಬೇಡ, ಟಿಕೆಟ್ಟು ನಾನೇ ಬದಲಾಯಿಸಿದ್ದೇನೆ.

ಕೋಟಿ ಜನರ ಲೆಕ್ಕ ಇಡುವವನೇ, ಹನ್ನೆರಡನೇ ತಾರೀಖು ಯಾವ ವಾರ ಅಂತ ನೋಡಿದ್ದೆಯಾ? ಶುಕ್ರವಾರ ಕಣೋ! ಮನೆಯ ಹೆಣ್ಣನ್ನು ಮಂಗಳವಾರ, ಶುಕ್ರವಾರ ಕಳಿಸುವುದುಂಟಾ? ಮದುವೆಯಾದ ಮೇಲೆ ಒಂದು ಸಲವಾದರೂ ಅಮ್ಮ ನನ್ನನ್ನು ಶುಕ್ರವಾರ ಕಳಿಸಿದ್ದಾಳಾ? ಮೈಸೂರಿನಲ್ಲಿ ರಿಸರ್ವೇಶನ್ನೇ ಬಿಟ್ಟು ಉಳಿಸಿಕೊಂಡಿದ್ದಾಳೆ. ಶ್ರೀರಂಗ, "ಹಾಗಾದ್ರೆ ಅತ್ತೆ ಈ ಮನೆಗೆ ಅಮ್ಮನೋ, ಮಗಳೋ?" ಅಂತ ಕೇಳಿದರು. ಅಮ್ಮ ಕಿಸಕ್ಕೆಂದಳು. "ನಾನು ಹೋಗ್ತೀನಿ ಬಿಡೇ, ಅವನು ಟಿಕೆಟ್ಟು ಮಾಡಿಸಿದಾನೆ" ಅಂದಳು, ಆದರೆ ಕೋಟು ಹಾಕಿಕೊಳ್ಳದೆ ಕೂತೇ ಇದ್ದಳು. ನಾನು ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕೂರುವವಳು, ದೇವರಮನೆಗೆ ಹೋಗುವುದು ಬಲ್ಬು ಬದಲಾಯಿಸಲು. ಆದರೂ ಶುಕ್ರವಾರ ಅಮ್ಮನನ್ನು ಬಾಗಿಲಾಚೆ ಕಳಿಸಲು ಕೈ ಬರಲಿಲ್ಲ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಂದವಳು ಡಿಸೆಂಬರ್ ಹದಿಮೂರಕ್ಕೆ ಹೊರಟರೆ ಮೂರು ತಿಂಗಳೇ ತಾನೆ? ಒಂದು ದಿನದಲ್ಲಿ ಏನಾಗುತ್ತದೆ?

ಈಗ ಇನ್ನೊಂದು. ಬರೆಯಲೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ.

ಸೆಪ್ಟೆಂಬರಿನಲ್ಲಿ ಬರುವಾಗ ಅಮ್ಮನ ಪಕ್ಕದ ಸೀಟಿನಲ್ಲಿ ಮೆಲಿಷಾ ಅಂತ ಒಬ್ಬಳು ಕೂತಿದ್ದಳಂತೆ. ಕುಂದಾಪುರದ ಕಡೆಯವಳು, ಲಂಡನ್ನಿನಲ್ಲಿ ನರ್ಸು, ತಾಯಿ ಇಲ್ಲಿ ತಂಗಿಯ ಮನೆಯಲ್ಲಿ. ಅಮ್ಮ ಅವಳಿಗೆ ಚಿತ್ರಾನ್ನ ಕೊಟ್ಟು ಅವಳ ಜಾತಕವನ್ನೆಲ್ಲ ತಿಳಿದುಕೊಂಡಿದ್ದಾಳೆ. ಆ ಹುಡುಗಿ ಹೇಳಿದಳಂತೆ: "ಅಮ್ಮಾ, ಕೋವಿಡ್ ಸಮಯದಲ್ಲಿ ನಮ್ಮ ಮಮ್ಮಿಗೆ ಜ್ವರ ಜೋರಿತ್ತು, ನೋಡ್ಲಿಕ್ಕೆ ಬಂದಿದ್ದೆ. ಜನವರಿ ಹನ್ನೆರಡಕ್ಕೆ ಇದೇ ರೈಲಲ್ಲಿ ವಾಪಸ್ ಲಂಡನ್ನಿಗೆ ಹೋದೆ ನಾನು. ಇಡೀ ಡಬ್ಬಿಯಲ್ಲಿ ಏಳು ಜನ ಇದ್ದದ್ದು. ಹೆದರಿಕೆ ಆಗಿತ್ತು ನಂಗೆ."

ಅಮ್ಮ ಅದನ್ನು ನನಗೆ ಸುಮ್ಮನೆ ಕಥೆ ಹೇಳುವ ಹಾಗೆ ಹೇಳಿದಳು. ತಾರೀಖು ಅವಳಿಗೆ ಹೊಳೆದಿಲ್ಲ. ನನಗೆ ಹೊಳೆಯಿತು. ಅಪ್ಪ ಹೋದದ್ದು ಹದಿನಾರಕ್ಕೆ.

ಆ ಹುಡುಗಿ ವರ್ಷ ತಪ್ಪಿರಬಹುದು. ತಿಂಗಳು ತಪ್ಪಿರಬಹುದು. ಹೌದಾ, ಶೇಷೂ?

ಅಕ್ಕ

*

ಪಿನ್ನರ್
16 ಡಿಸೆಂಬರ್ 2025
(ಅಂಚೆಯ ಮೂಲಕ)

ಮಹಾಸಭೆಯ ಮಾನ್ಯರೇ,

ಈ ಪತ್ರದ ಮೇಲೆ ಸ್ಟಾಂಪು ನೋಡಿ ಅಚ್ಚರಿಯಾಗಿರಬಹುದು. ನಮ್ಮ ಅಂಚೆಯವಳು ಸೇವೆಯಿಂದ ಹಿಂದೆ ಸರಿದಿದ್ದಾಳೆ. ನಡೆದದ್ದನ್ನು ಅವಳ ಬಾಯಿಂದ ಕೇಳಿದಂತೆ ದಾಖಲಿಸುತ್ತೇನೆ.

ಶನಿವಾರ ನಿಮ್ಮ ಸ್ಟೇಷನ್ನಿನಲ್ಲಿ ಪಾಸ್‌ಪೋರ್ಟು ನೋಡುವ ಅಧಿಕಾರಿ ಮುದ್ರೆ ನೋಡಿದ, ಕ್ಯಾಲೆಂಡರು ನೋಡಿದ, ಮತ್ತೆ ಮುದ್ರೆ ನೋಡಿದ. ಒಳ್ಳೆಯ ಹುಡುಗನಂತೆ, "ನಮ್ಮ ಮೈಸೂರಿನ ಗೋಪೀನಾಥನ ಥರ ಮುಖ." ತೊಂಬತ್ತೊಂದು ದಿನ ಅಂದ. ಅಮ್ಮ ತನ್ನ ಬೆರಳ ಗೆಣ್ಣುಗಳ ಮೇಲೆ ಎಣಿಸಿ ತೋರಿಸಿ, ಹೌದು ಎಂದು ಒಪ್ಪಿಕೊಂಡಳು. ಯಾಕೆ ನಿನ್ನೆ ಹೋಗಲಿಲ್ಲ ಅಂತ ಕೇಳಿದ. ಇಲ್ಲಿಂದ ಮುಂದೆ ಅಮ್ಮನ ಇಂಗ್ಲಿಷು.

"ಯೆಸ್ಟರ್ಡೇ ಫ್ರೈಡೇ. ಡಾಟರ್ ಹೌಸ್. ಫ್ರೈಡೇ ನೋ ಸೆಂಡಿಂಗ್. ಲಕ್ಷ್ಮಿ ಗೋಯಿಂಗ್."

ಲಕ್ಷ್ಮಿ ಎಂಬ ಇನ್ನೊಬ್ಬ ಪ್ರಯಾಣಿಕರು ಎಲ್ಲಿದ್ದಾರೆಂದು ಅವನು ಅತ್ತಿತ್ತ ನೋಡಿದನಂತೆ. ಕುರ್ಚಿ ತಳ್ಳುವವರೂ ನೋಡಿದರಂತೆ. ಕೊನೆಗೆ ಮೇಲಿನ ಅಧಿಕಾರಿ ಬಂದು, ನಕ್ಕು, ನಕ್ಕಮೇಲೂ ಬರೆಯಬೇಕಾದ್ದನ್ನು ಬರೆದುಕೊಂಡು, ಬೆರಳಚ್ಚು ತೆಗೆದುಕೊಂಡು, ಹ್ಯಾಪಿ ಜರ್ನಿ ಹೇಳಿ ಕಳಿಸಿದ್ದಾರೆ. ಅವರದೇನೂ ತಪ್ಪಿಲ್ಲ. ವಾರ ನೋಡದೆ ಟಿಕೆಟ್ಟು ಮಾಡಿಸಿದವನು ನಾನು, ದಿನ ನೋಡದೆ ಬದಲಾಯಿಸಿದವಳು ನೀನು. ಮನೆತನದ ಜಂಟಿ ಸಾಧನೆ.

ಪರಿಣಾಮ ಹೀಗಿದೆ. ಅಮ್ಮನ ಆ ಕಡೆಯ ವೀಸಾ ಫೆಬ್ರವರಿಗೆ ಮುಗಿಯುತ್ತದೆ. ಹೊಸದನ್ನು ಬೆಂಗಳೂರಿಗೆ ಹೋಗಿಯೇ ಕೇಳಬೇಕು, ಅದೂ ಈ ಒಂದು ದಿನದ ಟಿಪ್ಪಣಿಯನ್ನು ಹೊತ್ತುಕೊಂಡು. ಅಮ್ಮನಿಗೆ ಕೇಳುವ ಮನಸ್ಸಿಲ್ಲ. "ಬೆರಳಿಗೆ ಮಸಿ ಹಚ್ಚಲಿಲ್ಲ ನಿಜ, ಆದ್ರೂ ಕಳ್ಳರ ಹಾಗೆ ಒತ್ತಿಸಿಕೊಂಡ್ರಲ್ಲೋ. ಸಾಕು ನಂಗೆ" ಅನ್ನುತ್ತಾಳೆ. ಇಲ್ಲಿಯ ಆರು ತಿಂಗಳು ಜೂನಿನಲ್ಲಿ ಮುಗಿಯುತ್ತದೆ. ಆಮೇಲೆ ಮೈಸೂರಿಗೆ, ಚಿಕ್ಕಮ್ಮನ ಜೊತೆ ಇರಲು, ಹೋಗುತ್ತಾಳೆ. ಮತ್ತೆ ಈ ಕಡೆ ಬರುವುದಿಲ್ಲವಂತೆ. ಅಲ್ಲಿಯೂ ನಾವಿಬ್ಬರೂ ಒಬ್ಬರ ರಜ ಮುಗಿದಮೇಲೆ ಇನ್ನೊಬ್ಬರು ಹೋಗಿ ನೋಡಿಕೊಂಡು ಬರುತ್ತೇವೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಆ ಒಂದೇ ಅಡುಗೆಮನೆ, ಒಂದೇ ದಿನ ಎಂಬುದು ಆಗುವುದಾದರೆ ಇಲ್ಲೇ ಆಗಬೇಕು, ಜೂನಿನ ಒಳಗೆ. ದಾಟಬೇಕಾದವಳು ನೀನು. ಐದು ವರ್ಷದಿಂದ ನೀನು ಲಂಡನ್ನಿಗೆ ಕಾಲಿಟ್ಟಿಲ್ಲ. ಅಮ್ಮ ಬಾಯಿಬಿಟ್ಟು ಕೇಳಲಾರಳು, ನಾನು ಕೇಳುತ್ತಿದ್ದೇನೆ. ಬಾ.

ಕುಂದಾಪುರದ ಪ್ರಯಾಣಿಕರ ಹೇಳಿಕೆಯನ್ನು ಕಛೇರಿ ಗಮನಿಸಿದೆ. ಐದು ವರ್ಷದ ಹಿಂದಿನ ನೆನಪುಗಳಲ್ಲಿ

ತಾರೀಖು ತಿರುಗುತ್ತದೆ, ತಿಂಗಳು ಜಾರುತ್ತದೆ,
ಕಂಡದ್ದು ಕೇಳಿದ್ದು ಒಂದರೊಳಗೊಂದು ಸೇರುತ್ತದೆ.

ಇದು ಅಂಕಿಅಂಶ ಶಾಸ್ತ್ರದಲ್ಲಿ ಎಲ್ಲರೂ ಬಲ್ಲ ವಿಷಯ.

ಇತಿ,
ಶೇಷಾದ್ರಿ

*

ಬ್ರಸೆಲ್ಸ್
5 ಜನವರಿ 2026

ಶೇಷೂ,

ಒಂದು ದಿನದಲ್ಲಿ ಏನಾಗುತ್ತದೆ ಅಂತ ಬರೆದಿದ್ದೆ. ಆಯಿತು ನೋಡು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಲಕ್ಷ್ಮಿಯನ್ನು ಹುಡುಕಿದ ಆ ಹುಡುಗನ ಮುಖ ನೆನೆಸಿಕೊಂಡು ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ.

ಬರುತ್ತೇನೆ. ಜನವರಿ ಇಪ್ಪತ್ತನಾಲ್ಕು, ಶನಿವಾರ. ಈ ಸಲ ವಾರವನ್ನೂ ನೋಡಿದ್ದೇನೆ, ದಿನವನ್ನೂ ಎಣಿಸಿದ್ದೇನೆ. ಈಗ ನಿಮ್ಮ ದೇಶಕ್ಕೆ ಬರಲು ಬೆಲ್ಜಿಯಮ್ ಪಾಸ್‌ಪೋರ್ಟಿನ ನಮ್ಮಂಥವರೂ ಮೊದಲೇ ಅನುಮತಿ ಕೇಳಬೇಕಂತೆ, ಫೋನಿನಲ್ಲೇ ಕೇಳಿದೆ, ಕೊಟ್ಟರು. ನಿನಗಿಂತ ಬೇಗ ಉತ್ತರ ಬಂತು.

ಈಗ ಕಿವಿಗೊಟ್ಟು ಕೇಳು. ಸುಳ್ಳು ಹೇಳುವಾಗ ನಿನಗೆ ಪ್ರಾಸ ಬರುತ್ತದೆ. ಏಳನೇ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡಿಗೆ ನೀನೇ ಸಹಿ ಹಾಕಿದಾಗಲೂ ಅಪ್ಪನ ಮುಂದೆ ನಿಂತು ಪದ್ಯ ಹೇಳಿದ್ದೆ. ಕುಂದಾಪುರದ ಹುಡುಗಿಯ ಮಾತಿಗೆ ನೀನು ಬರೆದದ್ದು ಎರಡು ಸಾಲಿನ ಪದ್ಯ. ಉತ್ತರ ಅಲ್ಲ.

ಹಳೆಯ ವೇಳಾಪಟ್ಟಿಯನ್ನು ನಾನೇ ಹುಡುಕಿ ತೆಗೆಯಬಹುದು. ಶ್ರೀರಂಗ ಹತ್ತು ನಿಮಿಷದ ಕೆಲಸ ಅಂದರು. ಬೇಡ ಅಂದೆ. ಅದನ್ನು ಕಂಪ್ಯೂಟರಿನ ಬಾಯಿಂದ ಕೇಳಲು ನನಗೆ ಇಷ್ಟವಿಲ್ಲ.

ಆ ವಾರ ರೈಲಿತ್ತೋ ಇಲ್ಲವೋ ಒಂದೇ ಮಾತಿನಲ್ಲಿ ಬರಿ. ಇರಲಿಲ್ಲ ಅಂತ ಬರೆದರೆ ನಂಬುತ್ತೇನೆ. ಅಮ್ಮನಾಣೆ, ನಂಬುತ್ತೇನೆ, ಇನ್ನೆಂದೂ ಕೇಳುವುದಿಲ್ಲ. ನೇರವಾಗಿ ನಿನ್ನ ಮನೆಗೆ ಬಂದು, ಅಮ್ಮ ಕೊಟ್ಟಿದ್ದನ್ನು ನಿನ್ನ ಪಕ್ಕದಲ್ಲಿ ಕೂತು ತಿನ್ನುತ್ತೇನೆ. ಏನೂ ಬರೆಯದಿದ್ದರೆ ಸ್ಟೇಷನ್ನಿನ ಹತ್ತಿರ ಹೋಟೆಲಿನಲ್ಲಿ ಇರುತ್ತೇನೆ, ಅಮ್ಮನನ್ನು ಅಲ್ಲಿಗೇ ಕರೆಸಿಕೊಂಡು ನೋಡಿ ಹೋಗುತ್ತೇನೆ.

ಇತ್ತು ಅಂತ ಬರೆದರೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಹಾಗಾಗಿ ಆಣೆ ಇಡುತ್ತಿಲ್ಲ.

ಅಕ್ಕ

*

ಪಿನ್ನರ್
12 ಜನವರಿ 2026

ಗಡಿ ದಾಟುವ ರೈಲು ಪ್ರಯಾಣಿಕರ ಮಹಾಸಭೆಯ ಸಮಸ್ತರೇ,

ನೀನು ರೈಲು ಹತ್ತುವ ಮೊದಲೇ ಇದು ತಲುಪಬೇಕೆಂದು ಸಹಿ ಹಾಕಿ ಪಡೆಯುವ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ವರ್ಷದ ಮೊದಲ ವರದಿ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ.

ಪ್ರವೃತ್ತಿಗಳು ಒಟ್ಟಾರೆ ಉತ್ತೇಜಕವಾಗಿವೆ. ರಜೆಯ ದಿನಗಳಲ್ಲಿ ಬೋಗಿಗಳು ತುಂಬಿ ಹರಿದಿವೆ. ಪ್ರಯಾಣದ ಉದ್ದೇಶ ಎಂಬ ಕಾಲಮ್ಮಿನಲ್ಲಿ ‘ಬಂಧುಗಳ ಭೇಟಿ’ ಎಂದು ಗುರುತು ಹಾಕುವವರು ಹೆಚ್ಚುತ್ತಿದ್ದಾರೆ ಎಂದು ನನ್ನ ಮೇಜಿನ ಮೇಲಿನ ಹಾಳೆಗಳು ಹೇಳುತ್ತವೆ. ಹಿಂದೆಲ್ಲ ಜನ ಒಂದು ಊರು ನೋಡಲು ಹೋಗುತ್ತಿದ್ದರು, ಈಗ ಒಬ್ಬ ಮನುಷ್ಯರನ್ನು ನೋಡಲು ಹೋಗುತ್ತಾರೆ. ಬೆರಳಚ್ಚಿನ ಯಂತ್ರ ಬಂದಿದ್ದರಿಂದ ಸಾಲು ಉದ್ದವಾಗಿದೆ, ಆದರೆ ಸಾಲಿನಿಂದ ಯಾರೂ ವಾಪಸ್ಸು ಹೋಗಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಈ ಸಂಖ್ಯೆ ಏರುವುದೇ ಹೊರತು ಇಳಿಯುವುದಿಲ್ಲ ಎಂದು ನಾನು ಎದೆತಟ್ಟಿ ಹೇಳಬಲ್ಲೆ.

ನಿನ್ನ ಪ್ರಯಾಣಕ್ಕೆ ಸೂಚನೆಗಳು. ಹೊರಗೆ ಬಂದಕೂಡಲೇ ನೆಲದಡಿಯ ಟ್ಯೂಬ್ ರೈಲಿಗೆ ಇಳಿ, ಮೆಟ್ರೊಪಾಲಿಟನ್ ಲೈನು ಹಿಡಿ, ಪಿನ್ನರ್‌ವರೆಗೆ ಬದಲಾಯಿಸಬೇಕಾಗಿಲ್ಲ. ಹತ್ತುವ ಮುಂಚೆ ಪಿನ್ನರ್‌ಗೆ ಹೋಗುತ್ತದೆಯೇ ಎಂದು ಬೋರ್ಡು ನೋಡಿಕೋ, ಕೆಲವು ಬೇರೆ ಕಡೆ ತಿರುಗುತ್ತವೆ. ಗಾರ್ಗಿ ಆ ಶನಿವಾರ ಕೆಲಸಕ್ಕೆ ರಜೆ ಹಾಕಿದ್ದಾಳೆ. ನಮ್ಮ ಮಗಳು ಧೃತಿಗೆ ಹದಿನೈದು ವರ್ಷವಾಯಿತು, ನಿನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ಆದರೆ ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಎಚ್ಚರವಿರಲಿ. ಅಮ್ಮ ನಿನ್ನೆಯಿಂದಲೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆಸುತ್ತಿದ್ದಾಳೆ. ಏನು ಮಾಡಬೇಕು ಎಂದು ದಿನಕ್ಕೊಂದು ಪಟ್ಟಿ. ಮೊನ್ನೆ ಶಾವಿಗೆ, ನಿನ್ನೆ ಗೊಜ್ಜವಲಕ್ಕಿ. ಇವತ್ತು ಬೆಳಿಗ್ಗೆ ನನ್ನನ್ನು ಕರೆದು, "ಅವಳು ಎಲ್ಲಿ ಕೂರ್ತಾಳೆ? ಕಿಟಕಿ ಕಡೆ ಕೂರಿಸೋಣ, ಅವಳಿಗೆ ಬೆಳಕಿಷ್ಟ" ಅಂದು ಮೇಜನ್ನು ನನ್ನ ಕೈಲಿ ಎರಡು ಸಲ ತಿರುಗಿಸಿದಳು.

ಇನ್ನು ತಮ್ಮ ಪ್ರಶ್ನೆ. ಸದರಿ ಪ್ರಶ್ನೆಗೆ ಸಂಬಂಧಿಸಿದಂತೆ ಈ ಕಛೇರಿಯು 2021ರ ಮೊದಲ ಮೂರು ತಿಂಗಳ ಕಡತವನ್ನು ಕೂಲಂಕಷವಾಗಿ ಪರಿಶೀಲಿಸಿದ್ದು, ಆ ಅವಧಿಯಲ್ಲಿ ಪ್ರಯಾಣಿಕರ ಸಂಖ್ಯೆ ನೂರಕ್ಕೆ ತೊಂಬತ್ತೈದರಷ್ಟು ಕುಸಿದಿತ್ತೆಂಬುದನ್ನು ಸಭೆಯ ಗಮನಕ್ಕೆ ತರುತ್ತಾ

ರೈಲಿತ್ತು, ಅಕ್ಕ.

ದಿನಕ್ಕೊಂದು. ಆರು ದಿನವೂ ಇತ್ತು. ಆ ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು. ಅಪ್ಪನಿಗೆ ಪ್ರಜ್ಞೆಯೂ ಇತ್ತು. ಕಣ್ಣು ಬಿಟ್ಟಾಗಲೆಲ್ಲ "ಶ್ರೀ ಬಂದ್ಲಾ?" ಅನ್ನುತ್ತಿದ್ದರು. ಚಮಚದಲ್ಲಿ ನೀರು ಬಿಡುತ್ತಿದ್ದವನು ನಾನು, ಮಗ್ಗುಲು ಬದಲಿಸುತ್ತಿದ್ದವನು ನಾನು. ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ ಅಂತ ಕಾದೆ. ನೀನು ಬಂದುಬಿಟ್ಟರೆ ಇನ್ನು ಕರೆಯುವುದೇ ಇಲ್ಲ ಅನ್ನಿಸಿತು. ಅದಕ್ಕೇ ರೈಲಿಲ್ಲ ಅಂದೆ.

ಅವರು ಕರೆಯಲೇ ಇಲ್ಲ.

ಶೇಷು